ಶುಭಂ ಅವರ ಬಾಕಿ ಪಟ್ಟಿ

ಸಿನಿಮಾ ಮುಗಿಯುವಾಗ ಪರದೆಯ ಮೇಲೆ ‘ಶುಭಂ’ ಎಂದು ಬರುತ್ತದಲ್ಲ, ಹಾಗೆ ಮನೆ ಮುಗಿಯುವಾಗ ಬರುವ ಮನುಷ್ಯ ಇವರು. ಅದಕ್ಕೇ ಸೈಟಿನಲ್ಲಿ ಎಲ್ಲರೂ ಶುಭಂ ಸಾರ್ ಎನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಗುರುತಿನ ಚೀಟಿಯೊಳಗೆ ಸುಖವಾಗಿ ನಿದ್ದೆ ಮಾಡುತ್ತಿದೆ. ಒಂದೇ ವ್ಯತ್ಯಾಸವೆಂದರೆ, ಸಿನಿಮಾದಲ್ಲಿ ಶುಭಂ ಬಂದ ಕೂಡಲೇ ಜನ ಎದ್ದು ಹೊರಡುತ್ತಾರೆ. ಇಲ್ಲಿ ಶುಭಂ ಬಂದರೆ ಹೊರಟವರೂ ವಾಪಸ್ ಬರಬೇಕು.

ಗೋಡೆ ಎದ್ದು, ಬಣ್ಣ ಬಳಿದು, ಬಾಗಿಲು ಕೂತು, ನಲ್ಲಿಯಲ್ಲಿ ನೀರು ಬಂದು, ‘ಇನ್ನೇನು ಮುಗೀತು’ ಎಂದು ಎಲ್ಲರೂ ಕೈ ತೊಳೆದುಕೊಳ್ಳುವ ಹೊತ್ತಿಗೆ ಕಂಟ್ರಾಕ್ಟರು ಇವರನ್ನು ಕಳಿಸುತ್ತಾರೆ. ಇವರು ಕೋಣೆ ಕೋಣೆಯ ಕೊನೆಯವರೆಗೂ ನಡೆದು, ಮುಗಿಯದೆ ಉಳಿದದ್ದು, ಮುಗಿದೂ ಕೆಟ್ಟದ್ದು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಇದಕ್ಕೆ ಕಚೇರಿಯ ಕಾಗದದಲ್ಲಿ ಸ್ನ್ಯಾಗ್ ಲಿಸ್ಟ್ ಎಂದು ಹೆಸರು. ಸೈಟಿನಲ್ಲಿ ಬಾಕಿ ಪಟ್ಟಿ.

ಅವರ ಚೀಲದಲ್ಲಿ ಇರುವುದು ಒಂದು ಟಾರ್ಚು, ಒಂದು ಗಾಜಿನ ಗೋಲಿ, ಒಂದು ದಪ್ಪ ನಾಣ್ಯ, ಒಂದು ಸುರುಳಿ ನೀಲಿ ಟೇಪು. ಟಾರ್ಚನ್ನು ಗೋಡೆಗೆ ಕೆನ್ನೆ ಒತ್ತಿದ ಹಾಗೆ ಹಿಡಿದರೆ ಗೋಡೆಯ ಉಬ್ಬು ತಗ್ಗೆಲ್ಲ ಬಾಯಿಬಿಡುತ್ತವೆ. ಗೋಲಿಯನ್ನು ಬಚ್ಚಲಿನ ನೆಲದ ಮೇಲೆ ಬಿಟ್ಟರೆ ನೀರು ನಾಳೆ ಎತ್ತ ಹೋಗುತ್ತದೆ ಎಂದು ಇವತ್ತೇ ತೋರಿಸುತ್ತದೆ. ನಾಣ್ಯದಿಂದ ಟೈಲ್ಸ್ ತಟ್ಟಿದರೆ, ಅಡಿಯಲ್ಲಿ ಗಾರೆ ತುಂಬಿದೆಯೋ ಪೊಳ್ಳೋ ಎಂದು ಕಿವಿಗೆ ಗೊತ್ತಾಗುತ್ತದೆ. ತಪ್ಪು ಸಿಕ್ಕಲ್ಲಿ ನೀಲಿ ಟೇಪಿನ ಒಂದು ಪಟ್ಟಿ, ಅದರ ಮೇಲೆ ಒಂದು ನಂಬರು. ಪಟ್ಟಿಗೆ ಪಟ್ಟಿಯೇ ಸಾಕ್ಷಿ. ರಿಪೇರಿ ಆದ ಮೇಲೆ ಆ ಟೇಪನ್ನು ಸ್ವತಃ ಕಿತ್ತು ಪುಸ್ತಕದಲ್ಲಿ ಅದೇ ನಂಬರಿನ ಪಕ್ಕ ಅಂಟಿಸಿಕೊಳ್ಳುತ್ತಾರೆ. ಗೋಡೆಯ ಮೇಲೆ ಒಂದೂ ನೀಲಿ ಉಳಿಯದ ದಿನ ಯಜಮಾನರ ಸಹಿ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಬಾಕಿ ಇಟ್ಟು ಅವರು ಪಟ್ಟಿ ಮುಚ್ಚಿದ್ದಿಲ್ಲ.

ಮೊದಲು ಅವರೂ ಗಾರೆ ಕೆಲಸದವರೇ. ಒಂದು ದಿನ ಮೂರನೇ ಅಂತಸ್ತಿಗೆ ಕಟ್ಟಿದ ಸಾರುವೆಯ ಹಲಗೆ ಜಾರಿ ಬಿದ್ದು ಎಡಗಾಲಿನ ಮಂಡಿ ಮಡಚುವುದನ್ನು ಬಿಟ್ಟಿತು. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಅವರು ನರ್ಸಿಗೆ, “ಆ ಮೂಲೇಲಿ ಪ್ಲಾಸ್ಟರ್ ಬಿಟ್ಕೊಂಡಿದೆ ಸಿಸ್ಟರ್, ಮುಂದಿನ ತಿಂಗಳು ಉದುರುತ್ತೆ” ಎಂದರಂತೆ. ನೋಡಲು ಬಂದಿದ್ದ ಕಂಟ್ರಾಕ್ಟರು ಆವತ್ತೇ ಈ ಕೆಲಸಕ್ಕೆ ಹಾಕಿಕೊಂಡರು. ಹೆಂಡತಿ ಹೇಳುವುದು ಬೇರೆಯೇ: “ಇವರು ಹುಟ್ಟಿದ್ದೇ ಹಾಗೆ. ಮದುವೆಯಾದ ಹೊಸದರಲ್ಲಿ ಊಟದ ತಟ್ಟೆ ಮುಂದಿಟ್ರೆ, ತಟ್ಟೆ ಮುಟ್ಟೋ ಮೊದಲು ಮೇಜು ತಟ್ಟಿ ನೋಡಿದ್ರು.”

ಇಂಥ ಶುಭಂ ತಮ್ಮ ಜೀವಮಾನದ ದೊಡ್ಡ ತಪ್ಪನ್ನು ಮಾಡಿದ್ದು, ಒಂದು ಮನೆಯ ತಪ್ಪುಗಳನ್ನೆಲ್ಲ ಸರಿಮಾಡುವ ಮೂಲಕ.

ಆ ಮನೆ ದೊಡ್ಡದೇನಲ್ಲ. ಒಂದು ಹಾಲು, ಮೂರು ರೂಮು, ಅಡುಗೆಮನೆ, ಅದರ ಪಕ್ಕ ಒಂದು ಸಾಮಾನು ಕೋಣೆ. ಕಟ್ಟಿಸಿದವರು ಅಚ್ಚುಕೂಟದಲ್ಲಿ ಕೆಲಸ ಮಾಡುವ ಒಬ್ಬ ಮಿತಭಾಷಿ. ಅವರು, ಅವರ ಹೆಂಡತಿ, ಅವರ ಅಕ್ಕ, ಮೂವರೇ ಇರುವವರು. ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನು ಹಾಕಿಕೊಂಡು ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಕೂಡಿಸಿದವರು. ತಾವು ಮಾತ್ರ ಯಾರಿಗೂ ಕನೆಕ್ಟ್ ಆಗದೆ, ತಾಯಿಯಿಲ್ಲದ ತಮ್ಮನನ್ನು ಸಾಕಿದರು.

ಅಕ್ಕನ ಕಣ್ಣು ಹೋಗುತ್ತಿತ್ತು. ನಡುವಿನಿಂದ ಶುರುವಾದ ಮಸುಕು ಅಂಚಿಗೆ ಹರಡುತ್ತಿದೆ, ಇನ್ನೊಂದು ವರ್ಷ ಎಳೆದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅಕ್ಕ ಅತ್ತಿರಲಿಲ್ಲ. “ಮುಖ ನೋಡಿ ಮಾತಾಡೋ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ ಬಿಡೋ” ಎಂದು ತಮ್ಮನನ್ನೇ ಸಮಾಧಾನ ಮಾಡಿದ್ದರು. ಆದರೆ ಒಂದು ಷರತ್ತು ಹಾಕಿದ್ದರು.

“ಹೊಸ ಮನೇಲಿ ನನ್ನ ರೂಮಿಂದ ಅಡುಗೆಮನೆಗೆ ನಾನೇ ಹೋಗಿ, ನಾನೇ ಒಂದು ಲೋಟ ಟೀ ಮಾಡ್ಕೊಂಡು ಕುಡಿಯೋಕಾದ್ರೆ ಇರ್ತೀನಿ. ಒಂದು ಲೋಟ ಟೀಗೂ ನಿನ್ನ ಹೆಂಡತೀನ ಕೂಗಬೇಕಾದ್ರೆ ಇರಲ್ಲ. ನನ್ನಂಥವರದ್ದೇ ಒಂದು ಹಾಸ್ಟೆಲ್ ಇದೆ, ವಿಚಾರಿಸಿದೀನಿ.”

“ಗೋಡೆಗೆ ಹಿಡಿಕೆ ಕಂಬಿ ಹಾಕಿಸ್ತೀನಕ್ಕ.”

“ಮನೆ ಕಟ್ಟಿಸ್ತಿದೀಯೋ ಬಸ್ಸು ಮಾಡಿಸ್ತಿದೀಯೋ? ಕಂಬಿ ಗಿಂಬಿ ಬೇಡ. ಮನೆ ಬೆಳೆಯೋವಾಗಲೇ ಕಲಿತ್ಕೊಳ್ತೀನಿ. ನನ್ನ ಕಣ್ಣಿನ ವಿಷಯ ಸೈಟಿನವರ ಹತ್ರ ಬಾಯಿ ಬಿಡಬೇಡ. ಆಮೇಲೆ ಒಬ್ಬೊಬ್ಬರೂ ಕೈ ಹಿಡಿದು ನಡೆಸೋಕೆ ಬರ್ತಾರೆ.”

ಹಾಗಾಗಿ ದಿನಾ ನಾಲ್ಕು ಗಂಟೆಗೆ, ಕೆಲಸದವರು ಟೀಗೆ ಕೂತಾಗ, ಅಕ್ಕ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ, ಬಲಗೈಯನ್ನು ಗೋಡೆಯ ಮೇಲೆ ಸವರಿಕೊಂಡು ತಮ್ಮ ರೂಮಿನಿಂದ ಅಡುಗೆಮನೆಗೆ ನಡೆಯುತ್ತಿದ್ದರು. ಮತ್ತೆ ವಾಪಸ್. ಮತ್ತೆ ಆ ಕಡೆ. ಕೆಲಸದವರಿಗೆ ಇದು ತಪಾಸಣೆಯ ಹಾಗೆ ಕಂಡು, ಅವರ ಹೆಜ್ಜೆ ಕೇಳಿದರೆ ಗಾರೆಯವನು ಟೀ ಲೋಟ ಬಚ್ಚಿಟ್ಟು ಕರಣೆ ಹಿಡಿಯುತ್ತಿದ್ದ.

ಕೊನೆಯ ತಿಂಗಳು ಶುಭಂ ಬಂದರು. ಮೊದಲ ದಿನವೇ ಅಕ್ಕ ನಡೆಯುವುದನ್ನು ಕಂಡು ಬೆರಗಾದರು. ಗೋಡೆಯ ಮೇಲೆ ಸಲೀಸಾಗಿ ಹರಿಯುತ್ತಿದ್ದ ಆ ಕೈ ಒಂದು ಕಡೆ ನಿಂತಿತು. ಶುಭಂ ಆಮೇಲೆ ಹೋಗಿ ಟಾರ್ಚು ಹಿಡಿದು ನೋಡಿದರೆ, ಅಲ್ಲಿ ಅಂಗೈಯಗಲ ಗಾರೆ ತರಿತರಿ. ಇನ್ನೊಂದು ಕಡೆ ಕಾಲು ನಿಂತು, ಹಿಮ್ಮಡಿಯಿಂದ ಎರಡು ಸಲ ತಟ್ಟಿತು. ಶುಭಂ ನಾಣ್ಯ ತೆಗೆದು ತಟ್ಟಿದರೆ ಟೈಲ್ಸ್ ಪೊಳ್ಳು.

“ಏನು ಬೆರಳು ಕಣೇ ಆಯಮ್ಮಂದು,” ಎಂದು ಆ ದಿನ ಹೆಂಡತಿಗೆ ಹೇಳಿದರು. “ನನ್ನ ಟಾರ್ಚಿಗೆ ಸಿಗದ್ದು ಅವರ ಕೈಗೆ ಸಿಗುತ್ತೆ. ನಾನು ಇಪ್ಪತ್ತೆರಡು ವರ್ಷ ಮಾಡಿದ್ದು ದಂಡ.”

“ಅಂದ್ರೆ ನಿಮಗಿಂತ ಕಷ್ಟದ ಮನುಷ್ಯರೂ ಇದ್ದಾರೆ ಅನ್ನಿ,” ಎಂದರು ಹೆಂಡತಿ. “ಆ ಮನೆಯವರನ್ನ ನೆನೆಸ್ಕೊಂಡ್ರೆ ಪಾಪ ಅನ್ಸುತ್ತೆ.”

ಆವತ್ತಿನಿಂದ ಶುಭಂ ನಾಲ್ಕು ಗಂಟೆಗೆ ಅಕ್ಕನ ಹಿಂದೆ ಹತ್ತು ಹೆಜ್ಜೆ ಬಿಟ್ಟು, ಮಂಡಿ ಎಳೆದುಕೊಂಡು ನಡೆದರು. ಆ ಕೈ ನಿಂತಲ್ಲೆಲ್ಲ ಪುಸ್ತಕದಲ್ಲಿ ಒಂದು ನಂಬರು. ಎದುರಿಗೇ ಟೇಪು ಅಂಟಿಸಿದರೆ ಅವರು ಹುಡುಕಿದ್ದನ್ನು ಕದ್ದ ಹಾಗಾಗುತ್ತದೆ ಎಂದು ಆಗ ಬರೆದುಕೊಳ್ಳುವುದಷ್ಟೇ ಮಾಡಿ, ಟೇಪನ್ನು ಅವರು ಹೋದ ಮೇಲೆ ಅಂಟಿಸಿದರು. ಅಳತೆ ಮಾತ್ರ ಇಂಚು ಬಿಡದೆ ಬರೆದರು.

ಅಕ್ಕನ ದಾರಿ ಆ ಪುಸ್ತಕದಲ್ಲಿ ನಾಲ್ಕು ಸಾಲಾಗಿ ಕೂತಿತು. ರೂಮಿನ ಬಾಗಿಲು ಅರ್ಧ ತೆರೆದಾಗ ನೆಲಕ್ಕೆ ಉಜ್ಜಿ ಗರ್ರೆನ್ನುತ್ತದೆ: ನಂಬರು ಒಂಬತ್ತು. ಅಲ್ಲಿಂದ ಆರನೇ ಹೆಜ್ಜೆಗೆ ಪೊಳ್ಳು ಟೈಲ್ಸ್: ಹದಿನೇಳು. ಬಲಕ್ಕೆ ತಿರುಗಿ ಹೋದರೆ ಅಡುಗೆಮನೆಯ ಬಾಗಿಲಿಗೆ ಒಂದು ಗೇಣು ಮುಂಚೆ, ನೆಲದಿಂದ ಮೂರೂವರೆ ಅಡಿಗೆ ತರಿತರಿ ಗಾರೆ: ಇಪ್ಪತ್ತಮೂರು. ಒಳಗೆ ಕಟ್ಟೆಯ ಅಂಚಿನಲ್ಲಿ, ಒಲೆಗೆ ಒಂದು ಮೊಳ ಈಚೆ, ಕಲ್ಲಿನ ಜೋಡಣೆ ಕೂದಲೆಳೆಯಷ್ಟು ಎದ್ದಿದೆ: ಮೂವತ್ತೊಂದು. ಶುಭಂ ಪಾಲಿಗೆ ಅವು ನಾಲ್ಕು ತಪ್ಪು. ಅಕ್ಕನ ಪಾಲಿಗೆ ಬಾಗಿಲು, ತಿರುವು, ಅಡುಗೆಮನೆ, ಒಲೆ.

ಆಮೇಲೆ ಅಕ್ಕ ಕಣ್ಣಿನ ಚಿಕಿತ್ಸೆಗೆಂದು ಎರಡು ವಾರ ಆಸ್ಪತ್ರೆ ಸೇರಿದರು. ಇದ್ದಷ್ಟು ದೃಷ್ಟಿಯನ್ನು ಇನ್ನೂ ಸ್ವಲ್ಪ ದಿನ ಉಳಿಸಲಾದೀತೇ ಎಂದು ನೋಡುವುದು. ಆಗಲಿಲ್ಲ. ಉಳಿಯುವುದಿರಲಿ, ಇದ್ದದ್ದೂ ಬೇಗ ಹೊರಟಿತು.

ಆ ಎರಡು ವಾರ ಶುಭಂ ಊಟ ನಿದ್ದೆ ಬಿಟ್ಟವರ ಹಾಗೆ ಕೆಲಸ ಮಾಡಿಸಿದರು. ಅಕ್ಕಾವ್ರು ಬರುವಷ್ಟರಲ್ಲಿ ಅವರ ಬೆರಳಿಗೆ ಒಂದು ತಪ್ಪೂ ಸಿಗಬಾರದು, ಇದೊಂದೇ ಹಟ. ಬಡಗಿ ಬಾಗಿಲು ಕಳಚಿ ತಳ ಹೆರೆದ. ಟೈಲ್ಸಿನವನು ಪೊಳ್ಳು ಕಿತ್ತು, ಗಾರೆ ತುಂಬಿ ಕೂರಿಸಿದ. ಗಾರೆಯವನು ಗೋಡೆಯನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಕಟ್ಟೆಯ ಅಂಚನ್ನು ಮೆಷಿನ್ನಿಟ್ಟು ಸಪಾಟು ಮಾಡಿದರು. ಒಟ್ಟು ನಲವತ್ತಾರು ನೀಲಿ ಟೇಪು ಗೋಡೆ ಬಿಟ್ಟು ಪುಸ್ತಕ ಸೇರಿದವು.

ಮನೆ ಒಪ್ಪಿಸುವ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೂವರೂ ಬಂದರು. ಶುಭಂ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಸಹಿಯ ಪುಟ ತೆರೆದಿಟ್ಟು ನಿಂತಿದ್ದರು. ಯಜಮಾನರ ಸಹಿಗಿಂತ ಅಕ್ಕನ ಒಂದು ಮಾತು ಅವರಿಗೆ ಬೇಕಿತ್ತು.

ಯಜಮಾನರು ಅಕ್ಕನನ್ನು ರೂಮಿನವರೆಗೆ ಬಿಟ್ಟು ಈಚೆ ಬಂದರು. ಅಕ್ಕ ಅಲ್ಲಿಂದ ಒಬ್ಬರೇ ಹೊರಟರು. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಎಷ್ಟು ತೆರೆಯಿತೋ ತಿಳಿಯದೆ ಅವರ ಭುಜ ಅದರ ಅಂಚಿಗೆ ತಾಗಿತು. ಆರು ಹೆಜ್ಜೆ ಇಟ್ಟು ಹಿಮ್ಮಡಿ ತಟ್ಟಿದರು. ಒಂದು ಹೆಜ್ಜೆ ಮುಂದೆ ಹೋಗಿ ತಟ್ಟಿದರು. ಹಿಂದೆ ಬಂದು ತಟ್ಟಿದರು. ಎಲ್ಲ ಕಡೆಯೂ ಒಂದೇ ಗಟ್ಟಿ ಸದ್ದು. ಅಂದಾಜಿನ ಮೇಲೆ ತಿರುಗಿ ಗೋಡೆ ಹಿಡಿದರು. ಕೈ ಜಾರಿಕೊಂಡು ಹೋಯಿತು, ಹೋಗುತ್ತಲೇ ಇತ್ತು, ಎಲ್ಲೂ ನಿಲ್ಲಲಿಲ್ಲ. ಅವರು ಹಿಡಿದದ್ದು ಅಡುಗೆಮನೆಯ ಬಾಗಿಲಿನಾಚೆಯ ಗೋಡೆ; ಮುಂದೆ ಸಿಕ್ಕ ಬಾಗಿಲಲ್ಲಿ ಸಾಮಾನು ಕೋಣೆಯೊಳಗೆ ಹೊಕ್ಕು, ಖಾಲಿ ಕಪಾಟಿನ ಮುಂದೆ ನಿಂತು, ಒಲೆಗಾಗಿ ಕೈ ಚಾಚಿದರು.

ತಮ್ಮನ ಹೆಂಡತಿ ಒಂದು ಹೆಜ್ಜೆ ಮುಂದಿಟ್ಟರು. ತಮ್ಮ ಬೇಡವೆಂದು ಕೈ ಅಡ್ಡ ಹಿಡಿದರು.

ಅಕ್ಕ ಸ್ವಲ್ಪ ಹೊತ್ತು ಕಪಾಟಿನ ಹಲಗೆಯನ್ನು ಸವರಿದರು. ಆಮೇಲೆ ಮೆಲ್ಲಗೆ, “ಇದು ಯಾರ ಮನೆ?” ಎಂದರು.

ಕಪಾಟಿನಿಂದ ಕೈ ಹಿಂದೆಗೆದುಕೊಂಡು ಅವರೇ ಮುಂದುವರಿಸಿದರು.

“ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಅಲ್ಲ. ತುಂಬಾ ನುಣುಪಾಗಿದೆ. ನಾನು ಕಲಿತಿದ್ದ ಮನೆ ಇದಲ್ಲ ಅಷ್ಟೇ.” ಅವರು ಬಾಗಿಲ ಕಡೆ ತಿರುಗಿದರು, ಆದರೆ ಬಾಗಿಲು ಇದ್ದದ್ದು ಇನ್ನೊಂದು ಕಡೆ. “ತಮ್ಮಾ, ಆ ಹಾಸ್ಟೆಲಿನವರಿಗೆ ಫೋನ್ ಮಾಡು. ನಂಬರು ನಾನು ಹೇಳ್ತೀನಿ.”

ತಮ್ಮ ಗೋಡೆ ನೋಡುತ್ತ ನಿಂತರು. ಅವರ ಹೆಂಡತಿ ಶುಭಂ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಅಕ್ಕನಿಗೆ ಕಣ್ಣು ಕಾಣಲ್ಲ” ಎಂದರು. ಅಷ್ಟೇ ಹೇಳಿದ್ದು. ಶುಭಂ ಮಂಡಿ ಮಡಚುವಂತಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದರು. ಅದು ಮಡಚುವುದಿಲ್ಲವಾದ್ದರಿಂದ ನಿಂತೇ ಇದ್ದರು, ಬೆವರುತ್ತ. ದಿನಾ ಹತ್ತು ಹೆಜ್ಜೆ ಹಿಂದೆ ನಡೆದ ಮನುಷ್ಯ ಒಂದು ಸಲವೂ ಅವರ ಮುಖ ನೋಡಿರಲಿಲ್ಲ, ಕೈ ಮಾತ್ರ ನೋಡಿದ್ದರು.

ಸಾಮಾನು ಕೋಣೆಯ ಹೊಸ್ತಿಲ ಮೇಲೆ ನಿಂತು ಅವರು ಪುಸ್ತಕ ತೆರೆದರು.

“ಅಕ್ಕಾವ್ರೇ, ಇಪ್ಪತ್ತಮೂರು. ಅಡುಗೆಮನೆ ಬಾಗಿಲಿಗೆ ಒಂದು ಗೇಣು ಈಚೆ, ನೆಲದಿಂದ ಮೂರೂವರೆ ಅಡಿ, ಅಂಗೈಯಗಲ, ಗಾರೆ ತರಿತರಿ.”

ಅಕ್ಕನ ಮುಖ ದನಿಯ ಕಡೆ ತಿರುಗಿತು. “ಮೇಲಿನ ಅಂಚಿನಲ್ಲಿ ಒಂದು ಕಾಳಿನಷ್ಟು ದಪ್ಪ ಇತ್ತು.”

“ಇತ್ತು. ಬರ್ದಿದೀನಿ. ಹದಿನೇಳು, ನಿಮ್ಮ ಬಾಗಿಲಿಂದ ಆರನೇ ಹೆಜ್ಜೆ, ಪೊಳ್ಳು.”

“ಎಡ ಮೂಲೆ ಪೊಳ್ಳು. ಬಲ ಮೂಲೆ ಅಷ್ಟಿಲ್ಲ.” ಅವರು ನಿಟ್ಟುಸಿರು ಬಿಟ್ಟರೋ ನಕ್ಕರೋ ಗೊತ್ತಾಗಲಿಲ್ಲ. “ರೀ ಶುಭಂ, ನೀವು ನನ್ನ ಲೈನೆಲ್ಲ ಕಟ್ ಮಾಡಿಬಿಟ್ರಲ್ಲ.”

“ಮೂರು ದಿನ ಕೊಡಿ ಅಕ್ಕಾವ್ರೇ. ಹಾಸ್ಟೆಲಿಗೆ ಆಮೇಲೆ ಫೋನ್ ಮಾಡಿ.”

ಅಕ್ಕ ಬೇಡವೆನ್ನಲಿಲ್ಲ. ಶುಭಂ ಹೊರಗೆ ಬಂದು ಕಂಟ್ರಾಕ್ಟರಿಗೆ ಫೋನ್ ಮಾಡಿದರು. “ಸಾರ್, ನಾಲ್ಕು ತಪ್ಪು ಇತ್ತು, ಸರಿ ಮಾಡಿದ್ವಿ. ಈಗ ವಾಪಸ್ ತಪ್ಪು ಮಾಡ್ಬೇಕು.”

ಆ ಕಡೆಯಿಂದ ಪ್ರಶ್ನೆ ಬಂತು: “ಬಿಸಿಲಲ್ಲಿ ನಿಂತಿದೀರಾ?”

“ನೆರಳಲ್ಲೇ ಇದೀನಿ ಸಾರ್.”

“ಹಾಗಿದ್ರೆ ಬಿಸಿಲಿಗೆ ಹೋಗಿ ನಿಂತ್ಕೊಳ್ಳಿ, ಸರಿಯಾಗಬಹುದು,” ಎಂದ ಕಂಟ್ರಾಕ್ಟರು, ಎಲ್ಲ ಕೇಳಿಸಿಕೊಂಡ ಮೇಲೆ, ಮೂವರು ಕೆಲಸದವರನ್ನೂ ಕಳಿಸಿದರು.

ಟೈಲ್ಸಿನವನಿಗೆ ಅವಮಾನವಾಯಿತು. “ಮೂವತ್ತು ವರ್ಷ ಆಯ್ತು ಸಾರ್ ಈ ಕೆಲಸಕ್ಕೆ ಬಂದು. ಪೊಳ್ಳು ಬಿಡೋಕೆ ಅಂತ ಯಾರೂ ನನ್ನ ಕರೆದಿಲ್ಲ.”

“ಕರೆಯದೆ ಇದ್ದಾಗ ಬಿಡ್ತಿದ್ಯಲ್ಲ, ಈಗ ಕರೆದು ಕೇಳ್ತಿದೀನಿ.”

“ಒಂದಿನ ಒಡೆಯುತ್ತೆ ಅದು.”

“ಒಡೆದ ದಿನ ಬರ್ತೀಯ. ಮತ್ತೆ ಪೊಳ್ಳೇ ಹಾಕ್ತೀಯ. ಎಡ ಮೂಲೆ ಜಾಸ್ತಿ.”

ಅವನು ಗೊಣಗುತ್ತಲೇ ಹಾಕಿದ. ಅಕ್ಕ ಬಂದು ಹಿಮ್ಮಡಿಯಿಂದ ತಟ್ಟಿದರು. ಟೊಕ್ ಎಂದಿತು. ಅವರು ಮತ್ತೊಮ್ಮೆ ತಟ್ಟಿ, ತಲೆ ಬಾಗಿಸಿ ಕೇಳಿದರು, ಹಳೆಯ ಸಹೋದ್ಯೋಗಿಯ ದನಿ ಗುರುತು ಹಿಡಿದವರ ಹಾಗೆ. ಟೈಲ್ಸಿನವನು ಆ ಮುಖ ನೋಡಿ ಗೊಣಗುವುದನ್ನು ನಿಲ್ಲಿಸಿದ.

ಗಾರೆಯವನದು ಬೇರೆಯೇ ಕಥೆ. ವಿಷಯ ತಿಳಿದ ಮೇಲೆ ಅವನು ಮನಸ್ಸಿಟ್ಟು, ಅರ್ಧ ದಿನ ಕೂತು, ಪುಸ್ತಕದ ಅಳತೆಗೆ ಸರಿಯಾಗಿ ತರಿತರಿ ಮಾಡಿದ. ಅಕ್ಕ ಮುಟ್ಟಿ ನೋಡಿ ತಲೆಯಾಡಿಸಿದರು.

“ಇದಲ್ಲಪ್ಪ. ಇದು ಬೇಕೂಂತ ಮಾಡಿದ್ದು. ಕಸೂತಿ ಇದ್ದ ಹಾಗಿದೆ.”

“ಇನ್ನೆಷ್ಟು ಚೆನ್ನಾಗಿ ಕೆಡಿಸೋದು ಅಮ್ಮಾ?” ಅವನಿಗೆ ಅಳು ಬರುವುದೊಂದು ಬಾಕಿ.

ಶುಭಂ ಯೋಚಿಸಿದರು. “ಮೊದಲನೇ ಸಲ ಇದನ್ನ ಎಷ್ಟು ಗಂಟೆಗೆ ಮಾಡಿದ್ದೆ?”

“ನಾಲ್ಕಕ್ಕೆ ಐದು ನಿಮಿಷ ಇತ್ತು ಸಾರ್. ಟೀ ಬಂದಿತ್ತು.”

“ಅದನ್ನ ಕಿತ್ತು ಹಾಕಿ ಸುಮ್ನೆ ಕೂತ್ಕೋ. ನಾಲ್ಕಕ್ಕೆ ಐದು ನಿಮಿಷ ಇದ್ದಾಗ ಹೇಳ್ತೀನಿ.”

ಹೇಳಿದರು. ಬಾಗಿಲಲ್ಲಿ ಟೀ ಕ್ಯಾನು ಬಂದು ಕೂತಿತ್ತು. ಗಾರೆಯವನು ಒಂದು ಕಣ್ಣು ಕ್ಯಾನಿನ ಮೇಲಿಟ್ಟು, ಕರಣೆಯಿಂದ ಎರಡು ಸಲ ಬಳಿದು, ಮೂರನೆಯದಕ್ಕೆ ಕೈ ಒರೆಸಿಕೊಂಡು ಎದ್ದ. ಮಾರನೆಯ ದಿನ ಒಣಗಿದ ಮೇಲೆ ಅಕ್ಕನ ಅಂಗೈ ಅಲ್ಲಿ ನಿಂತಿತು, ನಿಂತೇ ಇತ್ತು. “ಹಾಂ,” ಎಂದರು. “ಇದು ಟೀ ಟೈಮಿನದು.”

ಕಟ್ಟೆಯ ಅಂಚಿಗೆ ಕಲ್ಲಿನ ಅಂಟಿನಿಂದ ಕೂದಲೆಳೆಯಷ್ಟು ಏರಿಸಿದ್ದಾಯಿತು. ಬಾಗಿಲು ಮಾತ್ರ ಒಪ್ಪಲಿಲ್ಲ. ಹೆರೆದ ಮರವನ್ನು ವಾಪಸ್ ಬೆಳೆಸುವುದು ಬಡಗಿಯ ಕೈಯಲ್ಲಿಲ್ಲ. ತಳಕ್ಕೆ ಪಟ್ಟಿ ಹೊಡೆದು ನೋಡಿದ. ಗರ್ರೆನ್ನುವ ಬದಲು ಬಾಗಿಲು ಬೆಕ್ಕಿನ ಹಾಗೆ ಕೂಗಿತು. ಅಕ್ಕ ಅದನ್ನು ತೆಗೆಸಿದರು. “ನನ್ನ ರೂಮು ಯಾವುದು ಅಂತ ಹೊರಗಿಂದ ಗೊತ್ತಾಗೋದೇ ಆ ಸದ್ದಿಂದ. ಇರಲಿ ಬಿಡಿ, ಅದೊಂದನ್ನ ನಿಧಾನವಾಗಿ ಕಲಿತೀನಿ.” ಆದರೆ ಬಡಗಿ ಚೀಲ ಕಟ್ಟಿಕೊಂಡು ಹೋಗುವಾಗ ಅವರನ್ನು ನೇರ ನೋಡಲಾಗದೆ ಬೇಲಿ ಪಕ್ಕದಿಂದ ಹೋದ.

ಮೂರನೆಯ ದಿನ ಅಕ್ಕ ತಮ್ಮ ರೂಮಿನಿಂದ ಹೊರಟರು. ತಮ್ಮ, ಅವರ ಹೆಂಡತಿ, ಶುಭಂ, ಹಾಲಿನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಆರು ಹೆಜ್ಜೆ. ಟೊಕ್. ಬಲಕ್ಕೆ. ಕೈ ಗೋಡೆಯ ಮೇಲೆ ಹರಿದು, ನಿಂತು, ಒಂದು ಗೇಣು ಸರಿದು ಅಡುಗೆಮನೆಯೊಳಗೆ ತಿರುಗಿತು. ಕಟ್ಟೆಯ ಅಂಚಿನಲ್ಲಿ ಕಿರುಬೆರಳು ಎಡವಿತು. ಅಲ್ಲಿಂದ ಒಂದು ಮೊಳ ಅಳೆದು ಒಲೆಯ ಗುಂಡಿ ಹಿಡಿದರು. ನಲ್ಲಿಯ ಸದ್ದು, ಪಾತ್ರೆಯ ಸದ್ದು, ಒಲೆ ಹೊತ್ತಿದ ಸದ್ದು.

“ಯಾಕೆ ಎಲ್ಲರೂ ಉಸಿರು ಕಟ್ಕೊಂಡಿದ್ದೀರಿ?” ಒಳಗಿಂದ ದನಿ ಬಂತು. “ಉಸಿರು ಬಿಟ್ರೆ ತಾನೇ ಎಷ್ಟು ಲೋಟ ಇಡಬೇಕು ಅಂತ ಗೊತ್ತಾಗೋದು.”

ಮೂರು ಲೋಟ ಇಟ್ಟರು, ತಮ್ಮದು ಸೇರಿ ನಾಲ್ಕು. ಸಕ್ಕರೆ ಕೈತಪ್ಪಿ ಜಾಸ್ತಿಯೇ ಬಿದ್ದಿತ್ತು, ಯಾರೂ ಹೇಳಲಿಲ್ಲ.

ಟೀ ಆದ ಮೇಲೆ ಶುಭಂ ಪಟ್ಟಿಯ ಕೊನೆಯ ಪುಟ ತೆಗೆದು, ಬಾಕಿ ಎಂಬ ಕಡೆ ‘ಮೂರು’ ಎಂದು ಬರೆದರು. ಅದರ ಮುಂದೆ, ‘ಹೀಗೇ ಇರತಕ್ಕದ್ದು’. ಯಜಮಾನರು ಸಹಿ ಹಾಕಿದರು. ಅಕ್ಕ ತಮ್ಮದೂ ಬೇಕೆಂದರು. ಶುಭಂ ಅವರ ಬೆರಳನ್ನು ಗೆರೆಯ ಮೇಲಿಟ್ಟು ತೋರಿಸಿದರು.

“ತಮ್ಮಾ,” ಎಂದರು ಅಕ್ಕ, ಪೆನ್ನು ವಾಪಸ್ ಕೊಡುತ್ತ, “ನಾಳೆ ಬರೋವಾಗ ನನ್ನ ಟ್ರಂಕು ತಗೊಂಡು ಬಾ.”

“ಕಾರಲ್ಲೇ ಇದೆ ಅಕ್ಕ.”

“ಯಾವಾಗಿಂದ?”

“ಮೊನ್ನೆಯಿಂದ.”

“ಮತ್ತೆ ನಿಂತ್ಕೊಂಡಿದ್ದೀಯಲ್ಲ, ಹೋಗಿ ಇಳಿಸು.”

ಕಬ್ಬಿಣದ ಹಳೇ ಟ್ರಂಕು, ಎಕ್ಸ್‌ಚೇಂಜಿನ ಕಾಲದ್ದು. ಒಂದು ಹಿಡಿ ತಮ್ಮ, ಇನ್ನೊಂದು ಹಿಡಿ ಶುಭಂ. ಅಕ್ಕ ರೂಮಿನೊಳಗೆ ನಿಂತು, “ಹುಷಾರು, ಗೋಡೆಗೆ ತಾಗಿಸಬೇಡಿ” ಎನ್ನುತ್ತಿದ್ದರು. ಮಂಡಿ ಮಡಚದ ಮನುಷ್ಯ ಬಾಗಿಲಲ್ಲಿ ಓರೆಯಾಗಿ ತಿರುಗಿದಾಗ ಟ್ರಂಕಿನ ಮೂಲೆ ಚೌಕಟ್ಟಿಗೆ ಬಡಿಯಿತು. ಸೊಂಟದ ಎತ್ತರಕ್ಕೆ, ಹೊಸ ಮರದಲ್ಲಿ, ಎರಡು ಬೆರಳು ಕೂರುವಷ್ಟು ಒಂದು ಕಚ್ಚು.

ಶುಭಂ ಟ್ರಂಕು ಇಳಿಸಿ ಆ ಕಚ್ಚನ್ನೇ ನೋಡುತ್ತ ನಿಂತರು. ಮುಖ ಸಪ್ಪಗಾಯಿತು. “ಬಡಗೀನ ಕರೆಸ್ತೀನಿ ಅಕ್ಕಾವ್ರೇ. ನಾಳೆ ಬೆಳಿಗ್ಗೆನೇ ಸರಿ ಮಾಡ್ತಾನೆ.”

ಅಕ್ಕ ಸದ್ದು ಬಂದ ಕಡೆಗೆ ಬಂದು ಚೌಕಟ್ಟನ್ನು ಮೇಲಿನಿಂದ ಕೆಳಗೆ ಸವರಿದರು. ಎರಡು ಬೆರಳು ಕಚ್ಚಿನಲ್ಲಿ ಕೂತವು. ಬಾಗಿಲಾಚೆ ಹೋದರು, ಹಾಲಿನ ಕಡೆಯಿಂದ ಗೋಡೆ ಹಿಡಿದುಕೊಂಡು ಬಂದರು, ಬೆರಳು ಮತ್ತೆ ಅಲ್ಲೇ ಕೂತವು.

“ಯಾರನ್ನೂ ಕರೆಸಬೇಡಿ,” ಎಂದು ಹೇಳಿ ಒಳಗೆ ಹೋಗಿ, ಟ್ರಂಕಿನ ಮುಚ್ಚಳ ತೆರೆದು, ಸೀರೆಗಳನ್ನು ಒಂದೊಂದಾಗಿ ತೆಗೆದಿಡತೊಡಗಿದರು.